ಸರ್ವರ್ ಇಲ್ಲ ಎಂದಾಗ

ನಮ್ಮ ಕಡೆಯ ಹೆಂಗಸರು ಈಚೆಗೆ ಅತಿ ಹೆಚ್ಚು ಸಲ ಕೇಳಿಸಿಕೊಂಡಿರುವ ಇಂಗ್ಲಿಷ್ ಪದ ಯಾವುದೆಂದರೆ ನಾನು 'ಸರ್ವರ್' ಎಂದೇ ಹೇಳುತ್ತೇನೆ. ಪಹಣಿಗೆಂದು ಹೋದರೂ ಅದೇ, ಹೆಬ್ಬೆಟ್ಟು ಒತ್ತಿ ರೇಷನ್ ಅಕ್ಕಿ ತರಲು ಹೋದರೂ ಅದೇ. "ಸರ್ವರ್ ಇಲ್ಲಮ್ಮ, ನಾಳೆ ಬಾ." ಮೊಳಕಾಲ್ಮೂರಿನಲ್ಲಿರುವ ನಮ್ಮ ಚಿಕ್ಕಮ್ಮ ಒಮ್ಮೆ ಖಾಲಿ ಚೀಲ ಹಿಡಿದು ವಾಪಸು ಬಂದವಳು, "ಏನ್ ಸರ್ವರ್ರೋ ತಾಯಿ, ಹೋಟ್ಲು ಸರ್ವರ್ ಆದ್ರೆ ಕೂಗಿದ್ರೆ ಬರ್ತಾನೆ. ಇದು ಎಷ್ಟು ಕೂಗಿದ್ರೂ ಓ ಅನ್ನಂಗಿಲ್ಲ" ಎಂದಳು. ಹೇಳಿದ್ದು ನನಗೇ, ಏಕೆಂದರೆ ನನ್ನ ಅನ್ನ ಹುಟ್ಟುವುದು ಆ ಸರ್ವರುಗಳಿಂದ. ಚಳ್ಳಕೆರೆಯ ಮನೆಯಲ್ಲಿ ಕೂತು ಬೆಂಗಳೂರಿನಲ್ಲಿರುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ನನ್ನದು.

'ಇಲ್ಲ' ಎನ್ನುವ ಈ ಮಾತಿಗೆ ಹಲವು ಅರ್ಥಗಳಿವೆ. ಕರೆಂಟು ಹೋಗಿರಬಹುದು, ದಾರಿಯಲ್ಲೆಲ್ಲೋ ಕೇಬಲ್ಲು ಕಡಿದಿರಬಹುದು. ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ಇಲ್ಲವನ್ನು. ಯಂತ್ರ ಬದುಕಿದೆ, ಕರೆಂಟು ಇದೆ, ತಂತಿ ನೆಟ್ಟಗಿದೆ, ಒಳಗಿನ ಲೆಕ್ಕಪತ್ರ ಒಂದಕ್ಷರವೂ ಅಳಿಸಿಲ್ಲ. ಆದರೂ ಹೊರಗಿನವರಿಗೆ ಅದು ಇಲ್ಲ. ತನ್ನ ಬಾಗಿಲು ಯಾವುದೆಂಬುದನ್ನೇ ಮರೆತು ಒಳಗೆ ಕೂತುಬಿಟ್ಟಿದೆ. ಇದು ಬಹಳ ಸಲ ಆಗುವುದು, ಯಂತ್ರಕ್ಕೆ ಒಳ್ಳೆಯದಾಗಲೆಂದು ಅದರ ಕರ್ನೆಲ್ ಬದಲಾಯಿಸಿದ ಮೇಲೆ.

ಕರ್ನೆಲ್ ಎಂದರೆ ಚಳ್ಳಕೆರೆಯವರಿಗೆ ವಿವರಿಸಿ ಹೇಳಬೇಕಿಲ್ಲ. ಎಣ್ಣೆ ಮಿಲ್ಲುಗಳಿಂದ ಹೆಸರಾದ ಊರು ಇದು. ಸಿಪ್ಪೆ ಸುಲಿದ ಶೇಂಗಾ ಬೀಜಕ್ಕೆ ವ್ಯಾಪಾರದ ಇಂಗ್ಲಿಷಿನಲ್ಲಿ ಕರ್ನೆಲ್ ಎಂದೇ ಹೆಸರು. ಕಂಪ್ಯೂಟರಿನವರೂ ಇದೇ ಕಾಯಿಯ ಪದಗಳನ್ನು ಎತ್ತಿಕೊಂಡರು. ನಾವು ಅಪ್ಪಣೆ ಕೊಡುವ ಹೊರಪದರಕ್ಕೆ ಶೆಲ್, ಅಂದರೆ ಸಿಪ್ಪೆ. ಒಳಗೆ ಕೂತು ಎಲ್ಲವನ್ನೂ ನಡೆಸುವ ತಿರುಳಿಗೆ ಕರ್ನೆಲ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ ಹುಡುಗ ಇಂಥದ್ದೊಂದು ತಿರುಳನ್ನು ಬರೆದು ಊರಿಗೆಲ್ಲ ಹಂಚಿದ. ಅದೇ ಲಿನಕ್ಸ್. ಇಂದು ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಅದರ ತಿರುಳೇ.

ಆದರೆ ತಿರುಳೊಂದಿದ್ದರೆ ಸಾಲದು. ಯಂತ್ರಕ್ಕೆ ಚುಚ್ಚಿದ ಪ್ರತಿಯೊಂದು ಸಾಮಾನಿಗೂ ತನ್ನದೇ ಭಾಷೆ ಇರುತ್ತದೆ. ಹೊರಗಿನೊಡನೆ ಮಾತಾಡಿಸುವ ನೆಟ್‌ವರ್ಕ್ ಕಾರ್ಡಿಗೂ ಹಾಗೆಯೇ, ಒಂದೊಂದು ಕಂಪನಿಯದಕ್ಕೆ ಒಂದೊಂದು ಭಾಷೆ. ಅದನ್ನು ಬಲ್ಲ ದುಭಾಷಿಗೆ ಡ್ರೈವರ್ ಎಂದು ಹೆಸರು. ಬಸ್ಸಿನ ಡ್ರೈವರಿಗೂ ಇದಕ್ಕೂ ಸಂಬಂಧವಿಲ್ಲವೆಂದು ನಮ್ಮ ಮನೆಯವರಿಗೆ ಒಪ್ಪಿಸಲು ನನಗೆ ಬಹಳ ಕಾಲ ಹಿಡಿಯಿತು. ಲಿನಕ್ಸಿನ ಮೊದಲ ವರ್ಷಗಳಲ್ಲಿ ಇಂಥ ದುಭಾಷಿಗಳನ್ನು ಕಾರ್ಡಿನ ಮೇಲೆ ಕಾರ್ಡಿಗೆ ಬರೆದುಕೊಟ್ಟವರು ಅಮೆರಿಕದ ನಾಸಾ ಸಂಸ್ಥೆಯಲ್ಲಿದ್ದ ಡೊನಾಲ್ಡ್ ಬೆಕರ್. 1994ರಲ್ಲಿ ಅಂಗಡಿಯಲ್ಲಿ ಸಿಗುವ ಸಾಧಾರಣ ಕಂಪ್ಯೂಟರುಗಳನ್ನೇ ತಂತಿಯಿಂದ ಪೋಣಿಸಿ ದೊಡ್ಡ ಲೆಕ್ಕ ಮಾಡಿಸಿದ ಬಿಯೊವುಲ್ಫ್ ಯೋಜನೆಯಲ್ಲಿ ಅವರೂ, ಥಾಮಸ್ ಸ್ಟರ್ಲಿಂಗ್ ಅವರೂ ಇದ್ದರು. ದುಭಾಷಿಗಳ ಹೆಸರು ಚರಿತ್ರೆಯಲ್ಲಿ ಉಳಿಯುವುದು ಕಡಿಮೆ. ಅದಕ್ಕೇ ಈ ಹೆಸರನ್ನು ಬರೆದಿಟ್ಟೆ.

ದುಭಾಷಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೊಳಕಾಲ್ಮೂರು ತಾಲ್ಲೂಕಿನಷ್ಟು ಒಳ್ಳೆಯ ಸಾಕ್ಷಿ ಬೇರೆಡೆ ಸಿಗಲಿಕ್ಕಿಲ್ಲ. ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗರಾಮೇಶ್ವರ, ಈ ಮೂರು ಕಡೆ ಅಶೋಕನ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದವು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರ ಕಡೆಯಿಂದ ಇಸಿಲದ ಮಹಾಮಾತ್ರರಿಗೆ ಎಂದು ಬ್ರಹ್ಮಗಿರಿಯ ಶಾಸನ ಶುರುವಾಗುತ್ತದೆ, ನಾವು ಕಾಗದದ ಮೇಲೆ 'ಇಂದ', 'ಗೆ' ಎಂದು ಬರೆಯುವಂತೆಯೇ. ಮೊದಲು ವಿಳಾಸ, ಆಮೇಲೆ ಕ್ಷೇಮ ಸಮಾಚಾರ, ಆಮೇಲೆ ವಿಷಯ. ಇಂದಿನ ನೆಟ್‌ವರ್ಕಿನಲ್ಲಿ ಓಡಾಡುವ ಪ್ರತಿ ತುಣುಕಿನ ತಲೆಯ ಮೇಲೂ ಹೀಗೆಯೇ ಕಳಿಸಿದವರ ಮತ್ತು ಸೇರಬೇಕಾದವರ ವಿಳಾಸ ಇರುತ್ತದೆ. ಬರೆದ ಲಿಪಿಕಾರ ಚಪಡ. ಊರಿನ ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಕೊರೆದವನು ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅಷ್ಟು ದೂರದ ಲಿಪಿ ಕಲಿತಿದ್ದೇನೆಂದು ತೋರಿಸುವ ಆಸೆ ಇದ್ದಿರಬೇಕು ಪಾಪ.

ಬಂಡೆ ಎಲ್ಲಿಗೂ ಹೋಗಲಿಲ್ಲ. ಅಕ್ಷರಗಳೂ ಇದ್ದವು. ಬ್ರಹ್ಮಗಿರಿಯ ಬಂಡೆಯನ್ನು ಊರಿನವರು ಅಕ್ಷರಗುಂಡು ಎನ್ನುತ್ತಿದ್ದರು, ಅಂದರೆ ಅಲ್ಲಿ ಬರಹವಿದೆಯೆಂಬುದು ಗೊತ್ತಿತ್ತು. ಓದುವವರು ಇರಲಿಲ್ಲ, ಅಷ್ಟೇ. ಕಾಲಕಾಲಕ್ಕೆ ಲಿಪಿ ತಿದ್ದಿಕೊಳ್ಳುತ್ತ, ಬದಲಾಗುತ್ತ ನಮ್ಮ ಕನ್ನಡ ಅಕ್ಷರವಾಗಿ ಬೆಳೆಯಿತು; ಹಾಗೆ ಬೆಳೆಯುವಾಗ ಹಳೆಯದನ್ನು ಓದುವ ವಿದ್ಯೆ ಕೈತಪ್ಪಿತು. 1837ರಲ್ಲಿ ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸಿದರು. ಅದೇ ವರ್ಷ ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ 1892ರಲ್ಲಿ ನಮ್ಮ ಈ ಶಾಸನಗಳನ್ನು ಪತ್ತೆ ಮಾಡಿದರು. ಅಷ್ಟು ಶತಮಾನ ಆ ಸಂದೇಶ ಇದ್ದೂ ಇಲ್ಲವಾಗಿತ್ತು.

ಇನ್ನು ವಠಾರದ ವಿಚಾರಕ್ಕೆ ಬರೋಣ. ಒಂದು ದೊಡ್ಡ ಯಂತ್ರವನ್ನು ಒಬ್ಬರಿಗೇ ಕೊಟ್ಟರೆ ಮುಕ್ಕಾಲು ಪಾಲು ಖಾಲಿ ಬಿದ್ದಿರುತ್ತದೆ. ಅದಕ್ಕೆ ಒಳಗೇ ಗೋಡೆ ಎಬ್ಬಿಸಿ ಹತ್ತಿಪ್ಪತ್ತು ಸಂಸಾರ ಇಡುತ್ತಾರೆ. ಪ್ರತಿ ಸಂಸಾರವೂ ತನಗೆ ಸ್ವಂತ ಮನೆಯಿದೆ ಎಂದೇ ತಿಳಿದಿರುತ್ತದೆ. ಇದಕ್ಕೆ ವರ್ಚುವಲೈಸೇಶನ್ ಎನ್ನುತ್ತಾರೆ. ಐಬಿಎಂ ಕಂಪನಿ 1960ರ ದಶಕದಲ್ಲೇ ತನ್ನ ದೊಡ್ಡ ಯಂತ್ರಗಳಲ್ಲಿ ಇದನ್ನು ಮಾಡಿತ್ತು. ಲಿನಕ್ಸಿನ ತಿರುಳಿಗೇ ಈ ಶಕ್ತಿ ಬಂದದ್ದು 2007ರಲ್ಲಿ, ಕೆವಿಎಂ ಎಂಬ ಭಾಗ ಸೇರಿದಾಗ. ಬಾಡಿಗೆ ಉಳಿಯಿತು, ಕರೆಂಟು ಉಳಿಯಿತು, ಎಲ್ಲ ಸರಿ. ಆದರೆ ವಠಾರದಲ್ಲಿ ಬಾಳಿದವರಿಗೆ ಗೊತ್ತು, ಇಪ್ಪತ್ತು ಮನೆಗೂ ಬೀದಿಬಾಗಿಲು ಒಂದೇ. ಅದರ ಅಗುಳಿ ಸಿಕ್ಕಿಕೊಂಡರೆ ಒಳಗಿನ ಯಾರ ತಪ್ಪೂ ಇಲ್ಲದೆ ಇಪ್ಪತ್ತು ಮನೆಗೂ ಹಾಲಿಲ್ಲ.

ಆ ಬೀದಿಬಾಗಿಲಿಗೆ ಹೆಸರಿಡುವುದರಲ್ಲೇ ಒಂದು ದೊಡ್ಡ ಕಥೆಯಿದೆ. ಮೊದಲು ಲಿನಕ್ಸಿನಲ್ಲಿ ಬಾಗಿಲುಗಳಿಗೆ ಈಥ್‌0, ಈಥ್‌1 ಎಂದು ಸರದಿಯ ಹೆಸರು. ಮೊದಲು ಕಣ್ಣಿಗೆ ಬಿದ್ದದ್ದು ಸೊನ್ನೆ, ಆಮೇಲಿನದು ಒಂದು. ಹೊಸ ತಿರುಳು ಬಂದು ಡ್ರೈವರುಗಳು ಏಳುವ ಕ್ರಮ ಹಿಂದುಮುಂದಾದರೆ ನಿನ್ನೆಯ ಸೊನ್ನೆ ಇವತ್ತು ಒಂದಾಗುತ್ತಿತ್ತು. ಹಿತ್ತಿಲ ಬಾಗಿಲಿಗೆ ಬೀದಿಬಾಗಿಲೆಂದು ಹೆಸರು ಬಂದರೆ ಮನೆಯ ಗತಿ ಏನು? ಇದಕ್ಕೆ ಪರಿಹಾರವೆಂದು 2013ರ ಜನವರಿಯಲ್ಲಿ ಬಂದ ಸಿಸ್ಟಮ್‌ಡಿಯ 197ನೆಯ ಆವೃತ್ತಿ ಕಾರ್ಡು ಕೂತಿರುವ ಜಾಗವನ್ನೇ ಹೆಸರಾಗಿಸಿತು. ಇಎನ್‌ಪಿ3ಎಸ್0 ಎಂದರೆ ಮೂರನೆಯ ಓಣಿಯ ಸೊನ್ನೆಯ ಗೂಡಿನಲ್ಲಿರುವ ಬಾಗಿಲು. ಕಾರ್ಡು ಜಾಗ ಬಿಟ್ಟು ಕದಲದಿದ್ದರೆ ಹೆಸರೂ ಕದಲದು ಎಂಬ ಲೆಕ್ಕಾಚಾರ.

ಲೆಕ್ಕಾಚಾರ ಜಾಣತನದ್ದೇ. ಆದರೆ ಜಾಗ ಯಾವುದೆಂದು ಹೇಳುವವರೂ ಅದೇ ತಿರುಳು, ಅದೇ ಡ್ರೈವರು. ಹೊಸ ಡ್ರೈವರು ಹಳೆಯದಕ್ಕಿಂತ ಹೆಚ್ಚು ತಿಳಿದದ್ದಾಗಿದ್ದು, ಇನ್ನೂ ಒಂದು ವಿವರ ಸೇರಿಸಿ ಹೇಳಿದರೆ ಹೆಸರು ಉದ್ದವಾಗುತ್ತದೆ. ವಿಯೆನ್ನಾದ ಪ್ರಾಕ್ಸ್‌ಮಾಕ್ಸ್ ಕಂಪನಿಯವರು ವಠಾರ ನಡೆಸಲು ಬೇಕಾದ ತಂತ್ರಾಂಶ ಮಾಡುತ್ತಾರೆ. 2023ರಲ್ಲಿ ಅವರ ಎಂಟನೆಯ ಆವೃತ್ತಿ ಬಂದಾಗ, ಹೊಸ ಕರ್ನೆಲ್ ಹಾಕಿದರೆ ಬಾಗಿಲ ಹೆಸರು ಬದಲಾಗಬಹುದು, ಎಚ್ಚರ ಎಂದು ಅವರೇ ಬರೆದಿದ್ದರು. ಎಚ್ಚರಿಕೆ ಬರೆದರೆ ಓದುವವರೂ ಇರಬೇಕಲ್ಲ.

ನಾನು ಆಗ ನೋಡಿಕೊಳ್ಳುತ್ತಿದ್ದ ಒಂದು ಕಚೇರಿಯ ಯಂತ್ರಕ್ಕೆ ಒಂದು ಶುಕ್ರವಾರ ರಾತ್ರಿ ಅಲ್ಲಿಯವರೇ ಕರ್ನೆಲ್ ಬದಲಾಯಿಸಿ, ಮತ್ತೆ ಚಾಲೂ ಮಾಡಿ, ಮಲಗಲು ಹೋದರು. ಯಂತ್ರ ಎದ್ದಿತು, ಬಾಗಿಲು ತೆರೆಯಲಿಲ್ಲ. ಅದರೊಳಗಿನ ಬಿಡಾರಗಳಲ್ಲಿ ಒಂದು ಮೊಳಕಾಲ್ಮೂರು ಸೀರೆಯ ವ್ಯಾಪಾರಿಯೊಬ್ಬರ ಲೆಕ್ಕದ್ದು. ಮರುದಿನ ಶನಿವಾರ ಮಗ್ಗದವರ ಬಟವಾಡೆ. ಯಾರು ಎಷ್ಟು ಸೀರೆ ನೇಯ್ದರು, ಯಾರಿಗೆ ಎಷ್ಟು ಮುಂಗಡ ಮುರಿಯಬೇಕು ಎಲ್ಲ ಅದರೊಳಗೆ. ಹೆಂಗಸರೇ ನೇಯುವ ಮನೆಗಳೂ ಅದರಲ್ಲಿದ್ದವು. ವಾರದ ಸಂತೆ ಆ ದುಡ್ಡಿನಿಂದಲೇ ಆಗಬೇಕು.

ನಾನಿರುವುದು ಚಳ್ಳಕೆರೆಯಲ್ಲಿ. ಬಾಗಿಲು ಮುಚ್ಚಿದ ಯಂತ್ರವನ್ನು ತಂತಿಯ ಮೂಲಕ ಮುಟ್ಟುವುದು ಹೇಗೆ? ಕೊನೆಗೆ ಬೆಂಗಳೂರಿನ ಒಬ್ಬ ಹುಡುಗ ಎರಡು ಗಂಟೆ ರಾತ್ರಿಯಲ್ಲಿ ಬೈಕಿನಲ್ಲಿ ಹೋಗಿ, ಆ ಯಂತ್ರಕ್ಕೆ ಪರದೆ, ಕೀಲಿಮಣೆ ಚುಚ್ಚಿ ನನಗೆ ಫೋನ್ ಮಾಡಿದ. "ಅಕ್ಕಾ, ಎಲ್ಲ ಸರಿಯಾಗೇ ಇದೆಯಲ್ಲ" ಎಂದ. "ಸರಿಯಾಗಿದೆ ಅನ್ನೋದು ಬಿಡು, ಬಾಗಿಲ ಹೆಸರು ಒಂದೊಂದೇ ಅಕ್ಷರ ಓದು" ಎಂದೆ. ಅವನು ಓದುತ್ತ ಹೋದ, ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳುತ್ತ ಹೋದೆ. ಇ, ಎನ್, ಪಿ, ಮೂರು, ಎಸ್, ಸೊನ್ನೆ. ಅಲ್ಲಿಗೆ ಮುಗಿಯಬೇಕಿತ್ತು. ಅವನು ಮುಂದುವರಿಸಿದ: ಎನ್, ಪಿ, ಸೊನ್ನೆ. ಹೊಸ ಡ್ರೈವರು ಕಾರ್ಡಿನ ಯಾವ ಕಿಂಡಿ ಎಂಬುದನ್ನೂ ಹೇಳಲು ಕಲಿತಿತ್ತು. ಹೆಸರಿಗೆ ಬಾಲ ಬಂದಿತ್ತು. ಇಪ್ಪತ್ತು ಮನೆಯನ್ನು ಬಾಗಿಲಿಗೆ ಜೋಡಿಸುವ ಕಡತದಲ್ಲಿ ಮಾತ್ರ ಹಳೆಯ ಹೆಸರೇ ಇತ್ತು. ಮೂರು ಅಕ್ಷರ ಸೇರಿಸಿದ ಮೇಲೆ ಎಲ್ಲ ಮನೆಗಳೂ ಒಂದೊಂದಾಗಿ ಓಗೊಟ್ಟವು. ಆಗ ಇಲ್ಲಿ ನಮ್ಮ ಬೀದಿಯಲ್ಲಿ ಹಾಲಿನವನ ಸೈಕಲ್ ಗಂಟೆ ಕೇಳಿಸುತ್ತಿತ್ತು.

ಇಷ್ಟು ಅವಾಂತರ ಮಾಡುವುದಕ್ಕಿಂತ ತಿರುಳಿಗೂ ಡ್ರೈವರಿಗೂ ನಡುವಿನ ಮಾತನ್ನು ಒಮ್ಮೆ ಗೊತ್ತುಮಾಡಿ ಹಾಗೇ ಇಟ್ಟರಾಗದೆ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಲಿನಕ್ಸಿನ ಹಿರಿಯರಲ್ಲೊಬ್ಬರಾದ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಇದಕ್ಕೆ ಉತ್ತರವಾಗಿ ಬರೆದ ಟಿಪ್ಪಣಿ ಕರ್ನೆಲ್ ಜತೆಗೇ ಬರುತ್ತದೆ. ಹೊರಗಿನವರಿಗೆ ಕೊಟ್ಟ ಮಾತನ್ನು ಮುರಿಯುವುದಿಲ್ಲ. ಒಳಗಿನ ಏರ್ಪಾಡನ್ನು ಮಾತ್ರ ಯಾವತ್ತು ಬೇಕಾದರೂ ಬದಲಾಯಿಸುತ್ತೇವೆ, ಇಲ್ಲದಿದ್ದರೆ ಹಳೆಯ ತಪ್ಪುಗಳನ್ನೇ ಹೊತ್ತು ತಿರುಗಬೇಕಾಗುತ್ತದೆ ಎಂಬುದು ಅದರ ಸಾರ. ನಿಮ್ಮ ಡ್ರೈವರನ್ನು ನಮ್ಮ ಮನೆಯೊಳಗೇ ಬಿಡಿ, ಬದಲಾಯಿಸುವಾಗ ಅದನ್ನೂ ನಾವೇ ತಿದ್ದುತ್ತೇವೆ ಎನ್ನುತ್ತಾರೆ.

ಮಗ್ಗ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಹಳೆಯ ಹಾಸು ಮುಗಿಯುವ ಹೊತ್ತಿಗೆ ಹೊಸ ಹಾಸಿನ ಎಳೆಗಳನ್ನು ಹಳೆಯದರ ತುದಿಗಳಿಗೆ ಒಂದೊಂದಾಗಿ ಹೊಸೆದು ಸೇರಿಸುತ್ತಾರೆ. ಕೆಚ್ಚುವುದು ಎನ್ನುತ್ತಾರೆ ಅದಕ್ಕೆ. ಮಗ್ಗದ ಮೇಲಿರುವ ಎಳೆಯಾದರೆ ಕೆಚ್ಚುವವಳ ಬೆರಳಿಗೆ ಸಿಗುತ್ತದೆ. ಪಕ್ಕದ ಮನೆಯಲ್ಲಿಟ್ಟುಕೊಂಡ ಎಳೆಯನ್ನು ಅವಳು ಹೇಗೆ ಸೇರಿಸಿಯಾಳು? ತಮ್ಮ ಡ್ರೈವರನ್ನು ಮನೆಯೊಳಗೆ ಬಿಡದೆ ಹೊರಗೇ ಇಟ್ಟುಕೊಳ್ಳುವ ಕಂಪನಿಗಳ ಕಾರ್ಡುಗಳಿಗೆ ಪ್ರತಿ ಹೊಸ ಕರ್ನೆಲ್ ಬಂದಾಗಲೂ ಡ್ರೈವರನ್ನು ಮತ್ತೆ ಕಟ್ಟಬೇಕು. ಅದಕ್ಕೆಂದೇ ಡೆಲ್ ಕಂಪನಿಯವರು ಡಿಕೆಎಂಎಸ್ ಎಂಬ ಉಪಾಯ ಹುಡುಕಿದರು, ಅದೂ ಕೆಲವೊಮ್ಮೆ ಕೈಕೊಡುತ್ತದೆ. ವಿಎಂವೇರ್ ಕಂಪನಿ 2020ರಲ್ಲಿ ತನ್ನ ಏಳನೆಯ ಆವೃತ್ತಿಯಿಂದ ಹಳೆಯ ಬಗೆಯ ಡ್ರೈವರುಗಳನ್ನು ಕೈಬಿಟ್ಟಾಗ, ಚೆನ್ನಾಗಿ ದುಡಿಯುತ್ತಿದ್ದ ಎಷ್ಟೋ ಕಾರ್ಡುಗಳು ಒಂದೇ ಸಲಕ್ಕೆ ಮೂಕವಾದವು.

ಎಲ್ಲಕ್ಕೂ ಡ್ರೈವರನ್ನೇ ಬೈಯುವುದೂ ನ್ಯಾಯವಲ್ಲ. 2008ರ ಸೆಪ್ಟೆಂಬರಿನಲ್ಲಿ, 2.6.27 ಎಂಬ ಕರ್ನೆಲ್ ಇನ್ನೂ ಪರೀಕ್ಷೆಯಲ್ಲಿದ್ದಾಗ, ಇಂಟೆಲ್ ಕಂಪನಿಯ ಕೆಲವು ಕಾರ್ಡುಗಳು ಸತ್ತೇಹೋಗತೊಡಗಿದವು. ಕಾರ್ಡು ತನ್ನ ಗುರುತನ್ನು ಬರೆದಿಟ್ಟುಕೊಳ್ಳುವ ಪುಟ್ಟ ನೆನಪಿನ ಚಿಪ್ಪೇ ಅಳಿಸಿಹೋಗುತ್ತಿತ್ತು. ಇ1000ಇ ಎಂಬ ಡ್ರೈವರಿನ ಮೇಲೆ ಎಲ್ಲರ ಕಣ್ಣು. ಹೊಸ ಸೊಸೆ ಬಂದ ವಾರ ಹಾಲು ಒಡೆದರೆ ಯಾರನ್ನು ನೋಡುತ್ತಾರೋ ಹಾಗೆ. ಅಕ್ಟೋಬರಿನಲ್ಲಿ ನಿಜ ಹೊರಬಿತ್ತು: ಯಾರು ಏನು ಮಾಡುತ್ತಿದ್ದಾರೆಂದು ನಿಗಾ ಇಡಲು ಕರ್ನೆಲ್ಲಿಗೆ ಸೇರಿಸಿದ್ದ ಎಫ್‌ಟ್ರೇಸ್ ಎಂಬ ಕಾವಲುಗಾರನೇ ತನ್ನದಲ್ಲದ ಜಾಗದಲ್ಲಿ ಗೀಚಿದ್ದ. ಆ ಜಾಗ ಅಷ್ಟರಲ್ಲಿ ಕಾರ್ಡಿನ ನೆನಪಿಗೆ ಹಂಚಿಕೆಯಾಗಿತ್ತು. ನಮ್ಮ ಮನೆಗಳಲ್ಲಿ ಇಷ್ಟು ಬೇಗ ವಿಚಾರಣೆ ಮುಗಿದದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಬದಲಾಯಿಸುವುದೇ ಬೇಡ ಎನ್ನುವಂತಿಲ್ಲ. 2016ರಲ್ಲಿ ಬಯಲಾದ 'ಡರ್ಟಿ ಕೌ' ಎಂಬ ದೋಷ 2007ರಿಂದಲೂ ತಿರುಳಿನಲ್ಲಿ ಅಡಗಿ ಕೂತಿತ್ತು. ಒಳಗೆ ಒಂದು ಸಣ್ಣ ಕೋಣೆ ಸಿಕ್ಕವನು ಮನೆಯ ಯಜಮಾನನೇ ಆಗಿಬಿಡಬಹುದಾದ ದೋಷ. ಮುಚ್ಚಬೇಕೆಂದರೆ ಹೊಸ ತಿರುಳೇ ಬೇಕು. ಇಪ್ಪತ್ತು ಸಂಸಾರದ ಲೆಕ್ಕ ಕೈಯಲ್ಲಿಟ್ಟುಕೊಂಡವರು ಬಾಗಿಲಿಗೆ ಹೆದರಿ ಗೋಡೆಯ ಕನ್ನ ಬಿಟ್ಟುಕೊಂಡಿರಲಾಗದು.

ಈಗ ನಾನು ಪ್ರತಿ ಯಂತ್ರದ ಬಾಗಿಲಿಗೂ ಹೆಸರನ್ನು ಗಟ್ಟಿ ಮಾಡಿಟ್ಟಿದ್ದೇನೆ. ಕಾರ್ಡಿನ ಮೇಲೆ ಕಾರ್ಖಾನೆಯಲ್ಲೇ ಅಚ್ಚಾಗಿ ಬರುವ ಹನ್ನೆರಡು ಅಕ್ಷರದ ಮ್ಯಾಕ್ ವಿಳಾಸ ನೋಡಿ ಹೆಸರಿಡು, ಜಾಗ ನೋಡಬೇಡ ಎಂದು ಒಂದು ಪುಟ್ಟ ಕಡತದಲ್ಲಿ ಬರೆದಿಟ್ಟರೆ ಯಂತ್ರ ಅದನ್ನು ಪಾಲಿಸುತ್ತದೆ. ಹಳೆಯ ಕರ್ನೆಲನ್ನು ಅಳಿಸದೆ ಪಕ್ಕದಲ್ಲಿಟ್ಟಿರುತ್ತೇನೆ. ಶುಕ್ರವಾರ ರಾತ್ರಿ ಯಾವ ಯಂತ್ರವನ್ನೂ ಮುಟ್ಟುವುದಿಲ್ಲ. ಬಟವಾಡೆ ಮುಗಿದು ಭಾನುವಾರ ಬೆಳಿಗ್ಗೆ, ಬೆಂಗಳೂರಿನ ಆ ಹುಡುಗ ಎದ್ದು ತಿಂಡಿ ತಿಂದನೆಂದು ಖಾತ್ರಿ ಮಾಡಿಕೊಂಡು ಶುರುಮಾಡುತ್ತೇನೆ. ಹನ್ನೆರಡಕ್ಷರದ ಆ ವಿಳಾಸಗಳೆಲ್ಲ ಹಾಲಿನ ಪುಸ್ತಕದ ಹಿಂಬದಿಯಲ್ಲೇ ಇವೆ. ಹಾಲಿನವನಿಗೆ ಹೊಸ ಪುಸ್ತಕ ಕೊಂಡುಕೊಟ್ಟಿದ್ದೇನೆ.