ಗಿಳಿಗೂಟದಿಂದ ನೈಲಾನ್ ಪ್ಲಗ್‌ಗೆ

ರಾಮನಗರ, ಮಾಗಡಿ ಕಡೆಯ ಹಳೆಯ ಮಣ್ಣಿನ ಮನೆಗಳಲ್ಲಿ ಬಟ್ಟೆ, ಚೀಲ, ಹಗ್ಗ ತೂಗುಹಾಕಲು ಗೋಡೆಯಲ್ಲಿ ಮರದ ಗೂಟವಿರುತ್ತಿತ್ತು. ಗಿಳಿಯಂತೆ ಕೆತ್ತಿದ್ದರೆ ಅದು ಗಿಳಿಗೂಟ. ಗೋಡೆ ಎಬ್ಬಿಸುವಾಗಲೇ ಹುದುಗಿಸಿದ ಗೂಟವನ್ನು ಹಸಿಮಣ್ಣು ಒಣಗುತ್ತಾ ಬಿಗಿಯುತ್ತಿತ್ತು. ಅಲುಗಾಡಿದರೆ ತೂತಿಗೆ ನೀರು ಚಿಮುಕಿಸಿ, ಮಣ್ಣು ಮೆತ್ತಿ ಮತ್ತೆ ನೆಟ್ಟರಾಯಿತು.

ಸಿಮೆಂಟು ಗೋಡೆಗೆ ಈ ಗುಣವಿಲ್ಲ. ಮೊಳೆ ಬಡಿದರೆ ಗಾರೆ ಸಿಡಿಯುತ್ತದೆ. ಅದಕ್ಕೇ ತೂತಿಗೆ ಮರದ ಬೆಣೆ ಬಡಿದು ಅದರೊಳಗೆ ಸ್ಕ್ರೂ ತಿರುಗಿಸುವ ಪದ್ಧತಿ ಬಂತು. ಬೆಣೆ ಒಣಗಿ ಕುಗ್ಗಿದರೆ ಮತ್ತೆ ಸಡಿಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಗೋಡೆಗೆ ಹೆಚ್ಚು ಪೆಟ್ಟಾಗದಂತೆ ವಿದ್ಯುತ್ ಸಾಮಗ್ರಿ ಕೂರಿಸಬೇಕಾಗಿ ಬಂದಾಗ, 1911ರ ಸುಮಾರಿಗೆ ಜಾನ್ ಜೋಸೆಫ್ ರಾಲಿಂಗ್ಸ್ ನಾರಿನ ಪ್ಲಗ್ ರೂಪಿಸಿದರು. 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ನೈಲಾನಿನದನ್ನು ತಂದರು. ಸ್ಕ್ರೂ ಒಳಹೋದಂತೆ ಪ್ಲಗ್ ಹಿಗ್ಗಿ ತೂತಿನ ಗೋಡೆಯನ್ನು ಒತ್ತುತ್ತದೆ. ಹಸಿಮಣ್ಣು ಹೊರಗಿನಿಂದ ಬಿಗಿಯುತ್ತಿದ್ದುದನ್ನು ಇದು ಒಳಗಿನಿಂದ ಮಾಡುತ್ತದೆ.

ಇಂದು ಕನಕಪುರ, ಚನ್ನಪಟ್ಟಣದ ಮನೆಗಳಲ್ಲೂ ಸಡಿಲಾದ ತೂತಿಗೆ ಬೆಂಕಿಕಡ್ಡಿ ತುರುಕಿ ಅದೇ ಸ್ಕ್ರೂ ಬಿಗಿಯುವುದುಂಟು. ಕ್ಯಾಲೆಂಡರಿಗೆ ಅದು ಸಾಕು. ಮಗು ಮಲಗುವ ಮಂಚದ ಮೇಲಿನ ಶೆಲ್ಫಿಗೆ ಸಾಲದು. ಅಲ್ಲಿ ಪುಡಿಯನ್ನು ಊದಿ ತೆಗೆದು, ಗಟ್ಟಿ ಭಾಗ ಸಿಗುವವರೆಗೆ ಕೊರೆದು, ಅಳತೆಗೆ ತಕ್ಕ ದಪ್ಪ ಪ್ಲಗ್ ಕೂರಿಸಬೇಕು. ಟೊಳ್ಳು ಬ್ಲಾಕಿನ ಗೋಡೆಯಾದರೆ ಅದಕ್ಕೆಂದೇ ಮಾಡಿದ ಪ್ಲಗ್ಗೇ ಬೇಕು. ಭಾರ ಹೊರುವುದು ಸ್ಕ್ರೂ ಒಂದೇ ಅಲ್ಲ, ಅದನ್ನು ಹಿಡಿದಿರುವ ತೂತು ಕೂಡ.