ಬೀದಿಯಲ್ಲಿ ಕಲಿತ ಪೌರನೀತಿ

ಪುರದಲ್ಲಿ ವಾಸಿಸುವವನು ಪೌರ. ಅವನು ನಡೆದುಕೊಳ್ಳಬೇಕಾದ ರೀತಿ ಪೌರನೀತಿ. ತರಗತಿಯಲ್ಲಿ ಹೀಗೆ ಪದ ಬಿಡಿಸಿ ಹೇಳುವುದು ಸುಲಭ. ಪುರಸಭೆಯ ಕರ್ತವ್ಯಗಳು ಯಾವುವೆಂದರೆ ಹುಡುಗರು ಬೆರಳು ಮಡಿಸಿ ಎಣಿಸುತ್ತಾರೆ. ತಮ್ಮ ಬೀದಿಯ ಚರಂಡಿ ಕಟ್ಟಿಕೊಂಡರೆ ಯಾರಿಗೆ ಅರ್ಜಿ ಬರೆಯಬೇಕೆಂದು ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ಈ ಎರಡನೆಯ ಪ್ರಶ್ನೆಯನ್ನೇ ಉನ್ನತ ಶಿಕ್ಷಣಕ್ಕೆ ಏರಿಸಿದ ಶಾಲೆಯೊಂದು ಅಮೆರಿಕದ ಚಿಕಾಗೋ ನಗರದಲ್ಲಿತ್ತು. ಸಮಾಜಸೇವಕರನ್ನು ತಯಾರು ಮಾಡುತ್ತಿದ್ದ ಅದರ ಹೆಸರು 'ಚಿಕಾಗೋ ಪೌರನೀತಿ ಮತ್ತು ಲೋಕೋಪಕಾರ ಶಾಲೆ'. ಉಪಕಾರದ ಪಕ್ಕದಲ್ಲಿ ಪೌರನೀತಿಗೇನು ಕೆಲಸ? ಉತ್ತರಕ್ಕೆ ತುಸು ಹಿಂದೆ ಹೋಗಬೇಕು.

1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಗೆಳತಿಯರು ಆ ನಗರದ ಹಾಲ್‌ಸ್ಟೆಡ್ ಬೀದಿಯಲ್ಲಿ 'ಹಲ್ ಹೌಸ್' ಎಂಬ ಸೇವಾಕೇಂದ್ರವನ್ನು ತೆರೆದರು. ಸುತ್ತಲೂ ಇಟಲಿ ಮೊದಲಾದ ದೇಶಗಳಿಂದ ವಲಸೆ ಬಂದ ಬಡ ಕೂಲಿಕಾರರು. ಕೂಸುಗಳನ್ನು ನೋಡಿಕೊಂಡರು, ರೋಗಿಗಳಿಗೆ ಶುಶ್ರೂಷೆ ಮಾಡಿದರು. ಆದರೆ ಬೀದಿಯ ಕಸ ಕೊಳೆಯುತ್ತಿರುವಾಗ ಮನೆಯೊಳಗಿನ ಶುಶ್ರೂಷೆಯಿಂದ ಎಷ್ಟು ಪ್ರಯೋಜನ? ಕೇಂದ್ರದ ಮಹಿಳೆಯರು ಓಣಿ ಓಣಿ ತಿರುಗಿ, ಎರಡೇ ತಿಂಗಳಲ್ಲಿ ನಿಯಮಭಂಗದ 1037 ಪ್ರಕರಣಗಳನ್ನು ಆರೋಗ್ಯ ಇಲಾಖೆಗೆ ವರದಿ ಮಾಡಿದರು.

1895ರಲ್ಲಿ ಆಡಮ್ಸ್ ತಮ್ಮ ವಾರ್ಡಿನ ಕಸ ಸಾಗಿಸುವ ಗುತ್ತಿಗೆಗೇ ಟೆಂಡರು ಹಾಕಿದರು. ಅದು ತಿರಸ್ಕೃತವಾಯಿತು, ಆದರೆ ಮೇಯರು ಅವರನ್ನು ಕಸದ ಇನ್‌ಸ್ಪೆಕ್ಟರಾಗಿ ನೇಮಿಸಿದರು. ಬೆಳಗಿನ ಆರಕ್ಕೇ ಎದ್ದು ಆಕೆ ಕಸದ ಗಾಡಿಗಳ ಹಿಂದೆ ಹೊರಟರು. ಒಂದು ಇಕ್ಕಟ್ಟಾದ ಓಣಿಯಲ್ಲಿ 18 ಅಂಗುಲ, ಎಂದರೆ ಒಂದು ಮೊಳ, ಕಸ ತೆಗೆದ ಮೇಲೆ ಕೆಳಗೆ ಕಲ್ಲು ಹಾಸಿದ ರಸ್ತೆ ಕಾಣಿಸಿತು! ನಗರಸಭೆಯ ಹಳೆಯ ಕಡತ ನೋಡಿದರೆ ಅಲ್ಲಿಯೂ ಆ ರಸ್ತೆಯ ದಾಖಲೆಯಿತ್ತು. ಕಡತದಲ್ಲಿದ್ದ ರಸ್ತೆ ಜನರ ಕಾಲಿಗೆ ಸಿಕ್ಕಿರಲಿಲ್ಲ. ಪೌರನೀತಿಯ ಸಾರವೆಲ್ಲ ಈ ಒಂದು ಸಂಗತಿಯಲ್ಲಿದೆ ಎಂದು ನನಗೆ ತೋರುತ್ತದೆ.

1902ರಲ್ಲಿ ನಗರದಲ್ಲಿ ವಿಷಮಶೀತ ಜ್ವರ ಹಬ್ಬಿತು. ನಗರದ ಜನಸಂಖ್ಯೆಯ 36ರಲ್ಲಿ ಒಂದು ಪಾಲು ಮಾತ್ರ ಇದ್ದ ಆ ವಾರ್ಡಿನಲ್ಲಿ ಒಟ್ಟು ಸಾವುಗಳ ಆರರಲ್ಲೊಂದು ಪಾಲು ಸಂಭವಿಸಿತೆಂದು ಆಡಮ್ಸ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇಂಥ ಕಡೆ ಸಾಲುವುದು ಕರುಣೆಯೊಂದೇ ಅಲ್ಲ. ಯಾವ ಕಾನೂನಿದೆ, ಅದನ್ನು ನಡೆಸಬೇಕಾದವರು ಯಾರು, ಏಕೆ ನಡೆಸುತ್ತಿಲ್ಲ ಎಂಬುದೂ ತಿಳಿದಿರಬೇಕು.

ಆ ತಿಳಿವಳಿಕೆಯನ್ನು ಕ್ರಮವಾಗಿ ಕಲಿಸಲು ಗ್ರಹಾಂ ಟೇಲರ್ ಎಂಬ ಪ್ರಾಧ್ಯಾಪಕರು 1903ರಲ್ಲಿ ತರಗತಿಗಳನ್ನು ಆರಂಭಿಸಿದರು. 1908ರಲ್ಲಿ ಆ ಸಂಸ್ಥೆಗೆ ಮೇಲೆ ಹೇಳಿದ ಹೆಸರು ಬಂತು. ಜೂಲಿಯಾ ಲೇತ್ರಾಪ್, ಸೊಫೊನಿಸ್ಬಾ ಬ್ರೆಕಿನ್‌ರಿಡ್ಜ್, ಈಡಿತ್ ಆಬಟ್ ಅಲ್ಲಿ ಪಾಠ ಹೇಳಿದರು. ವಿದ್ಯಾರ್ಥಿಗಳು ಬಡವರ ವಠಾರಗಳಿಗೆ ಹೋಗಿ ಕೋಣೆ ಕಿಟಕಿಗಳನ್ನು ಅಳೆದು, ಆ ಅಳತೆಯನ್ನು ನಗರದ ಕಟ್ಟಡ ನಿಯಮಗಳೊಡನೆ ಹೋಲಿಸಿ ನೋಡುತ್ತಿದ್ದರು. ಗಮನಿಸಬೇಕಾದ ವಿಷಯವೊಂದಿದೆ: ಹೀಗೆ ಪೌರತ್ವ ಕಲಿಸಿದ ಆ ಮಹಿಳೆಯರಿಗೇ 1913ರ ವರೆಗೆ ನಗರಸಭೆಯ ಚುನಾವಣೆಯಲ್ಲಿ ಮತವಿರಲಿಲ್ಲ. ಮತಪತ್ರ ಕೈಗೆ ಬರುವ ಮೊದಲೇ ಅವರು ಪೌರರಾಗಿದ್ದರು.

1920ರಲ್ಲಿ ಈ ಶಾಲೆ ಚಿಕಾಗೋ ವಿಶ್ವವಿದ್ಯಾನಿಲಯದಲ್ಲಿ ವಿಲೀನವಾಯಿತು. 'ಪೌರನೀತಿ' ಎಂಬ ಮಾತು ಹೆಸರಿನಿಂದ ಬಿಟ್ಟುಹೋಯಿತು. ಹೆಸರು ಹೋದರೂ ಪಾಠ ಉಳಿಯಿತು; 1924ರಲ್ಲಿ ಡೀನ್ ಆದ ಈಡಿತ್ ಆಬಟ್, ಸೇವಕನಿಗೆ ಕಾನೂನು ಮತ್ತು ಆಡಳಿತದ ಜ್ಞಾನ ಅನಿವಾರ್ಯವೆಂದು ಹಟ ಹಿಡಿದರು.

ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿದ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಮುಂಬಯಿಯ ನಾಗಪಾಡಾದ ಬಡವರ ನಡುವೆ ಕೆಲಸ ಮಾಡಿದವರು. 1936ರಲ್ಲಿ ಅಲ್ಲಿ ಆರಂಭವಾದ ಸರ್ ದೊರಾಬ್ಜಿ ಟಾಟಾ ಸಮಾಜಸೇವಾ ಶಾಲೆಗೆ ಅವರೇ ಮೊದಲ ನಿರ್ದೇಶಕರು. ಭಾರತದಲ್ಲಿ ಈ ವಿದ್ಯೆಗೆ ಮೀಸಲಾದ ಮೊದಲ ಉನ್ನತ ಶಾಲೆ ಅದು. ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ.

ಹಸಿದವನಿಗೆ ಅನ್ನವಿಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಧರ್ಮ, ಅದು ಉಳಿಯಲಿ. ಅವನ ಬೀದಿಗೆ ಸಲ್ಲಬೇಕಾದುದನ್ನು ಕಡತದಿಂದ ಹೊರಗೆ ತರುವುದೂ ಧರ್ಮವೇ. ಅದಕ್ಕೆ ವಿದ್ಯೆ ಬೇಕು. ಈಗ ನನ್ನ ಹುಡುಗರಿಗೆ ಕರ್ತವ್ಯಗಳ ಪಟ್ಟಿಯ ಜೊತೆಗೆ ಒಂದು ಅರ್ಜಿಯನ್ನೂ ಬರೆಯಿಸುತ್ತೇನೆ, ಅವರವರ ಬೀದಿಯ ಹೆಸರು ಹಾಕಿ.