ಕ್ಲೋಸ್‌ಪೇಟೆ ಕಣಶಿಲೆಯ ಕಾಲನಿರ್ಣಯ

ಕನ್ನಡ ನಾಡಿನ ಚರಿತ್ರೆಯನ್ನು ಅಭ್ಯಸಿಸುವವರು ಶಾಸನವೊಂದು ದೊರೆತೊಡನೆ ಅದರ ಶಕವರ್ಷವನ್ನು ಹುಡುಕುತ್ತಾರೆ; ಶಕವರ್ಷವಿಲ್ಲದಿದ್ದರೆ ಲಿಪಿಯ ಸ್ವರೂಪದಿಂದ ಕಾಲವನ್ನು ನಿರ್ಣಯಿಸುತ್ತಾರೆ. ಆದರೆ ಶಾಸನವನ್ನು ಹೊತ್ತಿರುವ ಬಂಡೆಗೂ ಒಂದು ಕಾಲವುಂಟು. ಹಿಂದಿನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದ ಬೀಡನ್ ಒಬ್ಬ ಗಣಿ ಎಂಜಿನಿಯರನೆಂಬುದು ಇಲ್ಲಿ ಸ್ಮರಣೀಯವಾಗಿದೆ. ಲಿಪಿಯ ಚರಿತ್ರೆಯೂ ಶಿಲೆಯ ಚರಿತ್ರೆಯೂ ನಮ್ಮ ಸೀಮೆಯಲ್ಲಿ ಒಂದೇ ದಾರಿಯಲ್ಲಿ ಸಂಧಿಸಿವೆ. ಈ ಎರಡನೆಯ ಚರಿತ್ರೆಯ ಒಂದು ಅಧ್ಯಾಯವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ರಾಮನಗರ, ಸಾವನದುರ್ಗ, ಮಧುಗಿರಿ, ಹಂಪೆ ಈ ಸ್ಥಳಗಳ ಬೋಳುಬಂಡೆಗಳು ನೋಟಕ್ಕೆ ಬೇರೆಬೇರೆಯಾದರೂ ಒಂದೇ ಶಿಲಾಪಟ್ಟಿಗೆ ಸೇರಿದವು. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದ, 20ರಿಂದ 25 ಕಿಲೋಮೀಟರ್ ಅಗಲವಾಗಿ ಹಬ್ಬಿರುವ ಇದಕ್ಕೆ ಕ್ಲೋಸ್‌ಪೇಟೆ ಕಣಶಿಲೆ ಎಂದು ಹೆಸರು. ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಸ್ಮರಣಾರ್ಥವಾಗಿ ಇಂದಿನ ರಾಮನಗರಕ್ಕೆ ಇಟ್ಟಿದ್ದ ಹೆಸರು ಊರಿನಿಂದ ಅಳಿದರೂ ಬಂಡೆಯಲ್ಲಿ ಉಳಿದಿದೆ. ಇದರ ಇಕ್ಕೆಲಗಳಲ್ಲಿರುವ ಧಾರವಾಡ ಪದರಶಿಲೆಗಳ ಪಟ್ಟಿಗಳು ಸವೆದು ನೆಲಸಮವಾದ ಪುರಾತನ ಪರ್ವತಶ್ರೇಣಿಗಳ ಬೇರುಗಳೆಂದು ಭೂವಿಜ್ಞಾನಿಗಳು ಭಾವಿಸುತ್ತಾರೆ.

ಈ ಶಿಲೆಗಳ ಪೂರ್ವಾಪರವನ್ನು ಕುರಿತು ದೀರ್ಘಕಾಲ ವಾದ ನಡೆಯಿತು. 1880ರ ದಶಕದಲ್ಲಿ ಧಾರವಾಡ ಶ್ರೇಣಿಯನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟನು, ಅದು ಹಳೆಯ ನೈಸ್ ಶಿಲೆಯ ಮೇಲೆ ಸಂಚಯವಾದುದೆಂದು ತಿಳಿದಿದ್ದನು. 1894ರಲ್ಲಿ ಸ್ಥಾಪಿತವಾದ ಮೈಸೂರು ಭೂವಿಜ್ಞಾನ ಇಲಾಖೆಗೆ ಮೊದಲ ಮುಖ್ಯಸ್ಥನಾದವನೂ ಅವನೇ. ಆದರೆ ಅದೇ ಇಲಾಖೆಯ ಸ್ಮೀತನು 1916ರಲ್ಲಿ ಇದಕ್ಕೆ ಪ್ರತಿಯಾಗಿ, ಧಾರವಾಡ ಶಿಲೆಯೇ ಅತ್ಯಂತ ಪ್ರಾಚೀನ, ನೈಸ್ ಆಮೇಲೆ ಅದರೊಳಗೆ ನುಗ್ಗಿ ಬಂದದ್ದು ಎಂದು ಪ್ರತಿಪಾದಿಸಿದನು. ಇಬ್ಬರೂ ಕಣ್ಣಾರೆ ಕಂಡ ಸಾಕ್ಷ್ಯವನ್ನೇ ಆಧರಿಸಿದ್ದರು. ಒಂದು ಶಿಲೆ ಮತ್ತೊಂದನ್ನು ಕತ್ತರಿಸಿದ್ದರೆ ಕತ್ತರಿಸಿದ್ದು ಕಿರಿಯದು ಎಂಬ ನ್ಯಾಯ ಹಿರಿದು ಕಿರಿದೆಂಬುದನ್ನು ಹೇಳಬಲ್ಲದೇ ಹೊರತು ಎಷ್ಟು ವರ್ಷವೆಂಬುದನ್ನು ಹೇಳಲಾರದು.

1956ರಲ್ಲಿ ಬಿ. ಪಿ. ರಾಧಾಕೃಷ್ಣ ಅವರು ಕ್ಲೋಸ್‌ಪೇಟೆ ಕಣಶಿಲೆಯನ್ನು ಕುರಿತು ಸಮಗ್ರವಾದ ಗ್ರಂಥವನ್ನು ಪ್ರಕಟಿಸಿದರು. 1960ರಲ್ಲಿ ಸಿ. ಎಸ್. ಪಿಚ್ಚಮುತ್ತು ಅವರು ಈ ಪಟ್ಟಿಯ ದಕ್ಷಿಣ ಭಾಗದ ಕಬ್ಬಾಳದುರ್ಗದಲ್ಲಿ ಒಂದು ಅಪೂರ್ವ ದೃಶ್ಯವನ್ನು ಗುರುತಿಸಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಅಲ್ಲಿ ಬೂದುಬಣ್ಣದ ನೈಸ್ ಶಿಲೆಯೊಳಗೆ ಕಪ್ಪುಹಸಿರಾದ ಚಾರ್ನಕೈಟ್ ತೇಪೆತೇಪೆಯಾಗಿ ಮೂಡಿದೆ. ರೂಪಾಂತರವು ಅರ್ಧದಲ್ಲಿ ನಿಂತ ಸ್ಥಿತಿ ಅದು. ಸುಮಾರು 700 ಡಿಗ್ರಿ ಸೆಂಟಿಗ್ರೇಡಿನ ತಾಪದಲ್ಲಿ, ಭೂಮಿಯ ಬಹು ಆಳದಲ್ಲಿ ಇದು ನಡೆಯಿತು. ಇದಕ್ಕೂ ಪಕ್ಕದ ಕಣಶಿಲೆಗೂ ಸಂಬಂಧವೇನು? ಎರಡೂ ಒಂದೇ ಕಾಲದವೇ?

ಉತ್ತರ ದೊರೆತದ್ದು ಜಿರ್ಕಾನ್ ಎಂಬ ಸೂಕ್ಷ್ಮ ಖನಿಜದಿಂದ. ಈ ಹರಳು ರೂಪುಗೊಳ್ಳುವಾಗ ಯುರೇನಿಯಮನ್ನು ಒಳಕ್ಕೆ ತೆಗೆದುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಆದುದರಿಂದ ಇಂದು ಅದರಲ್ಲಿರುವ ಸೀಸವೆಲ್ಲ ಯುರೇನಿಯಮಿನ ಕ್ಷಯದಿಂದಲೇ ಹುಟ್ಟಿದ್ದೆಂದು ಎಣಿಸಬಹುದು. ಯುರೇನಿಯಂ-238 ಅರ್ಧವಾಗಲು 447 ಕೋಟಿ ವರ್ಷ ಬೇಕು. ಯುರೇನಿಯಂ-235ಕ್ಕೆ 70 ಕೋಟಿ ವರ್ಷ ಸಾಕು. ಹೀಗೆ ಒಂದೇ ಹರಳಿನಲ್ಲಿ ಎರಡು ಖಾತೆಗಳು ಏಕಕಾಲಕ್ಕೆ ನಡೆಯುತ್ತವೆ. ಎರಡೂ ತಾಳೆಯಾದರೆ ಲೆಕ್ಕವನ್ನು ನಂಬಬಹುದು. ತಾಳೆಯಾಗದಿದ್ದರೆ ನಡುವೆ ಸೀಸ ಸೋರಿಹೋಗಿದೆಯೆಂದು ಶಂಕಿಸಬೇಕು. ಇದಲ್ಲದೆ, ರೂಪಾಂತರದ ಕಾಲದಲ್ಲಿ ಹಳೆಯ ಹರಳಿನ ಸುತ್ತ ಹೊಸ ಅಂಚು ಬೆಳೆಯುವುದುಂಟು. ಹಳೆಯ ಶಾಸನವನ್ನು ಕೆತ್ತಿಹಾಕಿ ಅದೇ ಕಲ್ಲಿನಲ್ಲಿ ಹೊಸದನ್ನು ಬರೆಸಿದಂತೆ ಇದು. ಒಳತಿರುಳು ಶಿಲೆಯ ಜನ್ಮಕಾಲವನ್ನೂ ಹೊರಅಂಚು ರೂಪಾಂತರದ ಕಾಲವನ್ನೂ ಹೇಳುತ್ತವೆ. ಇಡೀ ಹರಳನ್ನು ಕರಗಿಸಿ ಅಳೆದರೆ ಇವೆರಡೂ ಬೆರೆತು, ಯಾವ ಘಟನೆಗೂ ಸಲ್ಲದ ಕಾಲ ಬರುವ ಅಪಾಯವಿದೆ.

ಫ್ರೆಂಡ್ ಮತ್ತು ನಟ್‌ಮನ್ ಎಂಬ ವಿದ್ವಾಂಸರು ಹರಳಿನ ಬಿಂದುಬಿಂದುವನ್ನೂ ಅಯಾನು ಕಿರಣದಿಂದ ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಕ್ಲೋಸ್‌ಪೇಟೆ ಕಣಶಿಲೆಯ ಕಾಲ 251 ಕೋಟಿ 30 ಲಕ್ಷ ವರ್ಷ. ತಪ್ಪಿನ ಅವಕಾಶ 50 ಲಕ್ಷ ವರ್ಷ. ಕಬ್ಬಾಳದುರ್ಗದ ನೈಸ್ ಅದಕ್ಕಿಂತ ಬಹಳ ಹಿರಿದು, ಸುಮಾರು 300 ಕೋಟಿ ವರ್ಷದ್ದು. ಆದರೆ ಅದನ್ನು ಬದಲಿಸಿದ ರೂಪಾಂತರ ಕಣಶಿಲೆಯ ಕಾಲಕ್ಕೆ ಹೊಂದಿಕೊಂಡಿದೆ. ಕರಗಿದ ಶಿಲೆ ಮೇಲೇರಿದ್ದೂ ಆಳದ ಶಿಲೆ ಬೆಂದು ಮಾರ್ಪಟ್ಟದ್ದೂ ಒಂದೇ ಮಹಾತಾಪದ ಎರಡು ಮುಖಗಳೆಂದು ಇದರಿಂದ ಊಹಿಸಲು ಆಧಾರವುಂಟು.

ಫೂಟ್ ಮತ್ತು ಸ್ಮೀತರ ವಾದವೂ ಹೀಗೆಯೇ ಬಗೆಹರಿಯಿತು. ಹಾಸನ ಜಿಲ್ಲೆಯ ಗೊರೂರಿನ ನೈಸ್ 330 ಕೋಟಿ ವರ್ಷಕ್ಕೂ ಹಿಂದಿನದೆಂದು ತಿಳಿದುಬಂದಿತು. ಧಾರವಾಡ ಶ್ರೇಣಿಯ ಬಹುಭಾಗ 290ರಿಂದ 260 ಕೋಟಿ ವರ್ಷಗಳ ನಡುವಿನದು; ಇದರಲ್ಲಿ ಫೂಟನ ಮಾತು ನಿಂತಿತು. ಆದರೆ ಸರಗೂರಿನ ಪದರಶಿಲೆಗಳು ಧಾರವಾಡಕ್ಕಿಂತ ಹಳೆಯವು, ನೈಸ್ ಅವುಗಳೊಳಗೆ ನುಗ್ಗಿದ್ದೂ ಉಂಟು. ಇದರಲ್ಲಿ ಸ್ಮೀತನು ಕಂಡದ್ದು ಸುಳ್ಳಲ್ಲ. ಎರಡು ಕಾಲದ ಪದರಶಿಲೆಗಳನ್ನು ಒಂದೆಂದು ಎಣಿಸಿದ್ದೇ ವಾದದ ಮೂಲವಾಗಿತ್ತು.

ದಕ್ಷಿಣದ ನೆಲ ಹೆಚ್ಚು ಸವೆದಿರುವುದರಿಂದ ಕಬ್ಬಾಳದುರ್ಗದಲ್ಲಿ ಆಳದ ಶಿಲೆ ಹೊರಬಿದ್ದಿದೆ. ಉತ್ತರಕ್ಕೆ ಸಾಗಿದಂತೆ ಮೇಲ್ಭಾಗದ ಶಿಲೆ ಕಾಣುತ್ತದೆ. ಆದುದರಿಂದ ಕಬ್ಬಾಳದಿಂದ ಹಂಪೆಗೆ ನಡೆಯುವವನು ಸಮತಲದಲ್ಲಿ ನಡೆಯುತ್ತಲೇ ಪ್ರಾಚೀನ ಭೂಗರ್ಭದ ಮೆಟ್ಟಿಲುಗಳನ್ನು ಏರುತ್ತಾನೆ. ನಮ್ಮ ಹೈದರಾಬಾದಿನ ಗೋಲ್ಕೊಂಡದ ಬಂಡೆಗಳೂ ಹೆಚ್ಚುಕಡಿಮೆ ಅದೇ ಯುಗದವು, ಸುಮಾರು 250 ಕೋಟಿ ವರ್ಷದವು. 1961ರಲ್ಲಿ ಈ ನಗರದಲ್ಲಿಯೇ ಸ್ಥಾಪಿತವಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯೂ ದಕ್ಷಿಣದ ಶಿಲೆಗಳ ಅಧ್ಯಯನಕ್ಕೆ ಹೆಸರಾಗಿದೆ.

ಕಬ್ಬಾಳದುರ್ಗದ ಸಾಕ್ಷ್ಯ ಸ್ಪಷ್ಟವಾಗಿ ಕಂಡದ್ದು ಕಲ್ಲುಗಣಿಯ ಹೊಸ ಮುಖದಲ್ಲಿ. ತೋರಿಸಿಕೊಟ್ಟ ಸುತ್ತಿಗೆಯೇ ಅಳಿಸಿಹಾಕಲೂ ಬಲ್ಲದು. ಶಾಸನದ ಕಲ್ಲನ್ನು ಮೆಟ್ಟಿಲಿಗೆ ಹಾಸಿದರೆ ನಾವು ಮರುಗುತ್ತೇವೆ, ಪ್ರತಿಭಟಿಸುತ್ತೇವೆ. ಅಕ್ಷರವಿಲ್ಲದ ಬಂಡೆಯೂ ದಾಖಲೆಯೆಂದು ಈಗ ತಿಳಿದಿರುವಾಗ, ಅದರಲ್ಲಿ ಆಯ್ದ ಕೆಲವು ತಾಣಗಳನ್ನಾದರೂ ಶಾಸನಗಳಂತೆಯೇ ರಕ್ಷಿಸುವುದು ಚರಿತ್ರೆಯ ಅಭಿಮಾನಿಗಳ ಹೊಣೆಯಾಗಿದೆ.